ಡಿಕ್ಕಿಯಲ್ಲೊಂದು ಸ್ಟೆಪ್ನಿ ಎಂಜಿನ್

ನಮ್ಮ ಭಾವನಿಗೆ 62, ಅವರ ಅಂಬಾಸಿಡರಿಗೆ 53. ಇಬ್ಬರಿಗೂ ಬೆಳಿಗ್ಗೆ ಏಳುವಾಗ ಕೆಮ್ಮು, ಇಬ್ಬರಿಗೂ ಏರು ಕಂಡರೆ ಏದುಸಿರು, ಇಬ್ಬರಿಗೂ ಎಣ್ಣೆ ಒಂದು ಚೂರು ಜಾಸ್ತಿಯೇ ಬೇಕು. (ಭಾವನದು ತಲೆಗೆ ಹಚ್ಚುವ ಎಣ್ಣೆ, ತಪ್ಪು ತಿಳಿಯಬೇಡಿ.) ಇಬ್ಬರಲ್ಲಿ ಯಾರ ಎಂಜಿನ್ ಬದಲಾಯಿಸಬೇಕು ಅಂತ ಅಕ್ಕನನ್ನು ಕೇಳಿದ್ದರೆ ಥಟ್ಟನೆ ಉತ್ತರ ಬರುತ್ತಿತ್ತು. ಅದು ಗೊತ್ತಿದ್ದೇ ಯಾರೂ ಕೇಳಲಿಲ್ಲ.

ಗಾಡಿ ಭಾವನ ಅಪ್ಪನದು. ಕೊಳ್ಳೇಗಾಲದಲ್ಲಿ ರೇಷ್ಮೆಗೂಡಿನ ವ್ಯಾಪಾರ ಮಾಡಿ ನಾಲ್ಕು ಕಾಸು ಕಂಡ ಯಜಮಾನರು 1972ರಲ್ಲಿ ಕೊಂಡದ್ದು, 'ಬಂಗಾರದ ಮನುಷ್ಯ' ತೆರೆಗೆ ಬಂದ ವರ್ಷ. ಮಾರ್ಕ್ 2 ಮಾದರಿ, 1489 ಸಿಸಿಯ ಪೆಟ್ರೋಲ್ ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರ್ ಕಡ್ಡಿ, ಮುಂದುಗಡೆ ಮೂವರು ದೊಡ್ಡವರೂ ಒಂದು ಮಗುವೂ ಒಂದು ಅನ್ನದ ಡಬರಿಯೂ ಕೂರುವಷ್ಟು ಉದ್ದನೆಯ ಸೀಟು. ನಂಬರ್ ಪ್ಲೇಟಿನಲ್ಲಿ ಈಗಲೂ 'ಎಂವೈ' ಅಂತಲೇ ಇದೆ, ಮೈಸೂರು ರಾಜ್ಯದ ಗುರುತು. ಇಂಥ ಗಾಡಿ ಎರಡು ವರ್ಷದಿಂದ ಬಿಳಿ ಹೊಗೆಯನ್ನು ನೀಲಿ ಮಾಡಿಕೊಂಡಿತ್ತು. ಹೊಗೆ ನೀಲಿಯಾದರೆ ಎಂಜಿನ್ ಪೆಟ್ರೋಲಿನ ಜೊತೆಗೆ ಆಯಿಲ್ಲನ್ನೂ ಕುಡಿಯುತ್ತಿದೆ ಅಂತ ಅರ್ಥ. ಊರಿನ ಮೆಕ್ಯಾನಿಕ್ ಬಾನೆಟ್ ಎತ್ತಿ, ಮೂಸಿ, "ಸಾರ್, ಬೋರ್ ಹೊಡೆಸಿ ಹೊಸ ಪಿಸ್ಟನ್ನು, ರಿಂಗು ಹಾಕ್ಸಿಬುಡಿ, ಇನ್ನಿಪ್ಪತ್ತು ವರ್ಷ ಓಡ್ತದೆ" ಅಂದ. ಅಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ರಿಟೈರ್ ಆದವರ ಕೈಗೆ ಮೊಬೈಲ್ ಕೊಟ್ಟ ಮೇಲೆ ಯಾವ ಕತೆಯೂ ಅಷ್ಟಕ್ಕೇ ಮುಗಿಯುವುದಿಲ್ಲ. ಯಾರೋ ಒಬ್ಬ ಹುಡುಗ ಹಳೇ ಅಂಬಾಸಿಡರಿಗೆ ಹೊಸ ಎಂಜಿನ್ ಕೂರಿಸಿ ಭರ್ರನೆ ಹೋಗುವ ವಿಡಿಯೋ ಭಾವನ ಕಣ್ಣಿಗೆ ಬಿತ್ತು. ಒಂದು ಸಲ ಬಿದ್ದಿದ್ದರೆ ಪರವಾಗಿಲ್ಲ. ಊಟದ ಮಧ್ಯೆ ಹನ್ನೊಂದು ಸಲ ಬಿತ್ತು.

"ಹೊರಗೆ ಅಪ್ಪನ ಗಾಡಿ, ಒಳಗೆ ಮೊಮ್ಮಗನ ಗಾಡಿ. ಹೆಂಗೆ ಬಾಮೈದ?" ಅಂದರು.

"ಅಪ್ಪನ ಗಾಡೀಲಿ ಅಪ್ಪನ ಎಂಜಿನ್ ಇಲ್ಲದೇ ಹೋದ್ರೆ ಅದು ಅಪ್ಪನ ಗಾಡಿ ಹೆಂಗಾಯ್ತು ಭಾವ?" ಅಂತ ನಾನು ಕೇಳಬಾರದ ಪ್ರಶ್ನೆ ಕೇಳಿದೆ.

ಭಾವ ಇಂಥದಕ್ಕೇ ಕಾದಿದ್ದರು. ಗಾಡಿ ಕೊಂಡ ಮರುವರ್ಷ, 1973ರ ನವೆಂಬರ್ 1ಕ್ಕೆ, ರಾಜ್ಯದ ಹೆಸರೇ ಬದಲಾಯಿತಲ್ಲ, ರಾಜ್ಯ ಬೇರೆಯಾಯಿತೇನು? ಇನ್ನು ನಮ್ಮ ಕೊಳ್ಳೇಗಾಲ. 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು, ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. ನಮ್ಮ ತಾತ ಜಗಲಿ ಬಿಟ್ಟು ಕದಲಲಿಲ್ಲ, ಜಿಲ್ಲೆ ಮಾತ್ರ ಬದಲಾಯಿತು. ಮನೆ ಹತ್ತಿರದ ಹೆದ್ದಾರಿ ನಿನ್ನೆ ಮೊನ್ನೆಯವರೆಗೆ 209 ಆಗಿತ್ತು, ಈಗ 948. ರಸ್ತೆ ಅದೇ, ಗುಂಡಿಯೂ ಅದೇ. "ಸರ್ಕಾರ ಇಷ್ಟೆಲ್ಲ ಬದಲಾಯಿಸಬಹುದು, ನಾನು ಒಂದು ಎಂಜಿನ್ ಬದಲಾಯಿಸಬಾರದಾ?"

ರೇಷ್ಮೆ ಇಲಾಖೆಯಲ್ಲಿ ಮೂವತ್ತು ವರ್ಷ ಫೈಲಿಗೆ ಟಿಪ್ಪಣಿ ಬರೆದವರ ಜೊತೆ ವಾದಕ್ಕಿಳಿಯಬಾರದು. ನಾನು ಕಾರು ಹತ್ತಿದೆ.

ಹೋದದ್ದು ಉಕ್ಕಡಂಗೆ. ಬೆಂಗಳೂರಿನ ಶಿವಾಜಿನಗರದ ಗುಜರಿ ಇತ್ತಲ್ಲ ಅಂತ ನೀವು ಕೇಳಬಹುದು. ಬೆಂಗಳೂರಿಗೆ ಹೋದರೆ ಮಗನ ಮನೆಗೆ ಹೋಗಬೇಕು, ಮಗನ ಮನೆಗೆ ಹೋದರೆ ಸೊಸೆ ಎದುರು ಎಂಜಿನ್ ವಿಷಯ ಹೇಳಬೇಕು. ಉಕ್ಕಡಂ ಆದರೆ ಮನೆ ಹತ್ತಿರದ ರಸ್ತೆ ಹಿಡಿದು ಎಲ್ಲೂ ತಿರುಗದೆ ಮೂಗಿನ ನೇರಕ್ಕೆ ಹೋಗುತ್ತಿದ್ದರಾಯಿತು. ಚಾಮರಾಜನಗರ, ಹಾಸನೂರು, ದಿಂಬಂ ಘಾಟಿ, ಬಣ್ಣಾರಿ, ಸತ್ಯಮಂಗಲ, ಅನ್ನೂರು, ಕೊಯಮತ್ತೂರು, ಅದರ ದಕ್ಷಿಣದ ಬಾಗಿಲಲ್ಲಿ ಉಕ್ಕಡಂ. ಕಳೆದ ವರ್ಷದ ಏಪ್ರಿಲ್, ಬೆಳಗಿನ ಜಾವ ಹೊರಟೆವು. ತಾಳವಾಡಿಗೆ ಕವಲೊಡೆಯುವಲ್ಲಿ ಭಾವ ಗಾಡಿ ನಿಧಾನ ಮಾಡಿ, ಆ ಕಡೆ ಇರುವ ಗಾಜನೂರಿನ ದಿಕ್ಕಿಗೆ ಒಂದು ಕೈ ಎತ್ತಿ ಮುಗಿದರು. ಅಣ್ಣಾವ್ರ ಊರು. ಮುಗಿಯುವಾಗ ಇನ್ನೊಂದು ಕೈ ಗೇರ್ ಕಡ್ಡಿ ಮೇಲಿತ್ತು, ಸ್ಟೀರಿಂಗ್ ಹಿಡಿದದ್ದು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ದಿಂಬಂ ಇಳಿಯುವಾಗ 27 ತಿರುವು. ಇಳಿಯುವುದಕ್ಕೆ ಎಂಥ ಎಂಜಿನ್ನಾದರೂ ನಡೆಯುತ್ತದೆ. ಇಲ್ಲದಿದ್ದರೂ ನಡೆಯುತ್ತದೆ.

ಉಕ್ಕಡಂ ಎಂದರೆ ಒಂದು ಕಡೆ ಪೆರಿಯಕುಳಂ ಅನ್ನುವ ದೊಡ್ಡ ಕೆರೆ, ಒಂದು ಕಡೆ ಪಾಲಕ್ಕಾಡಿಗೂ ಪೊಳ್ಳಾಚಿಗೂ ಜನರನ್ನು ತುಂಬಿಕೊಂಡು ಹಾರನ್ ಬಾರಿಸುತ್ತ ಹೊರಡುವ ಬಸ್ಸು, ಮೀನಿನ ಸಗಟು ಮಾರ್ಕೆಟ್ಟಿನ ವಾಸನೆ, ತಲೆ ಮೇಲೆ 2024ರ ಆಗಸ್ಟಿನಲ್ಲಿ ತೆರೆದ ಉಕ್ಕಡಂ–ಆತ್ತುಪಾಲಂ ಮೇಲ್ಸೇತುವೆ. ಮೇಲೆ ಹೋಗುವವರೆಲ್ಲ ಕೆರೆ ನೋಡಿಕೊಂಡು ಹೋಗುತ್ತಾರೆ. ನಮ್ಮಂಥವರಿಗೆ ಬೇಕಾದ್ದೆಲ್ಲ ಕೆಳಗೆ. ಹಳೇ ಕಬ್ಬಿಣದ ಅಂಗಡಿಗೆ ತಮಿಳಿನಲ್ಲಿ 'ಕಾಯಲಾಂಗಡೈ' ಅನ್ನುತ್ತಾರೆ. ನಮ್ಮ 'ಗುಜರಿ'ಗಿಂತ ಮರ್ಯಾದಸ್ಥ ಹೆಸರು. ಅಂಗಡಿ ಬಾಗಿಲಿಗೆ ಮಾವಿನ ತೋರಣದ ಹಾಗೆ ಸ್ಟಾರ್ಟರ್ ಮೋಟಾರು, ಡೈನಮೋ, ಆಲ್ಟರ್ನೇಟರ್ ತೂಗುಹಾಕಿದ್ದಾರೆ. ಗೇರ್‌ಬಾಕ್ಸುಗಳು ಹಲಸಿನ ಹಣ್ಣಿನ ರಾಶಿಯಂತೆ ಬಿದ್ದಿವೆ. ನೆಲ ಕಪ್ಪು, ಹೆಜ್ಜೆ ಇಟ್ಟರೆ ಚಪ್ಪಲಿ ಕಚ್ಚಿಕೊಳ್ಳುತ್ತದೆ. ಭಾವ ಬಿಳಿ ಪಂಚೆ ಉಟ್ಟು ಬಂದಿದ್ದರು. ದೇವಸ್ಥಾನಕ್ಕೂ ಹೀಗೇ ಬರುತ್ತಾರೆ.

ನಾಲ್ಕನೇ ಅಂಗಡಿಯಲ್ಲಿ ಮೇಸ್ತ್ರಿ ಸಿಕ್ಕರು. ಎಪ್ಪತ್ತರ ಆಸುಪಾಸು, ಕನ್ನಡಕದ ಒಂದು ಕಡ್ಡಿಗೆ ತಾಮ್ರದ ತಂತಿ ಸುತ್ತಿತ್ತು. ಭಾವ ತಮಗೆ ಬರುವ ಅಷ್ಟೂ ತಮಿಳನ್ನು ಒಂದೇ ವಾಕ್ಯದಲ್ಲಿ ಖರ್ಚು ಮಾಡಿ ಸುಮ್ಮನಾದರು. ಮೇಸ್ತ್ರಿ ನಂಬರ್ ಪ್ಲೇಟು ನೋಡಿ, ಹಣೆಯ ವಿಭೂತಿ ನೋಡಿ, "ಏನು ಸಾಮಿ, ಕೊಳ್ಳೇಗಾಲವಾ?" ಅಂದರು, ಕನ್ನಡದಲ್ಲಿ. ಮನೆಮಾತು ಕನ್ನಡದ ದೇವಾಂಗರು, ಚೌಡೇಶ್ವರಿಯ ಒಕ್ಕಲು. ಕೊಯಮತ್ತೂರಿನಲ್ಲಿ ಇವರ ಮನೆಗಳು ಬೇಕಾದಷ್ಟಿವೆ. ತಾತನದು ಕೈಮಗ್ಗ, ಅಪ್ಪನದು ಪವರ್‌ಲೂಮು, ಇವರದು ಸ್ಪ್ಯಾನರು. ಅವರ ಕನ್ನಡದಲ್ಲಿ ಪ್ರತಿ ಮೂರನೇ ಮಾತು ತಮಿಳು, ನಮ್ಮ ಕನ್ನಡದಲ್ಲಿ ಪ್ರತಿ ಮೂರನೇ ಮಾತು ಇಂಗ್ಲಿಷು, ಆದ್ದರಿಂದ ಲೆಕ್ಕ ಸರಿಹೋಯಿತು. ಕೊಳ್ಳೇಗಾಲದ ದೇವಾಂಗ ಬೀದಿಯಲ್ಲಿ ತಮ್ಮ ದೊಡ್ಡಮ್ಮನ ಕಡೆಯವರು ರೇಷ್ಮೆ ಸೀರೆ ನೇಯುತ್ತಿದ್ದದ್ದನ್ನೆಲ್ಲ ಹೇಳಿ ಮುಗಿಸಿ, ಟೀ ತರಿಸಿ, ಆಮೇಲೆ ಕೇಳಿದರು: "ಎಂಜಿನ್ನು ಬೇಕಾ, ಗಾಡಿ ಓಡಬೇಕಾ?"

ಎರಡೂ ಒಂದೇ ಅಂದುಕೊಂಡಿದ್ದ ಭಾವ ತಬ್ಬಿಬ್ಬಾದರು.

ಅಷ್ಟರಲ್ಲಿ ಪಕ್ಕದ ಅಂಗಡಿಯ ಹುಡುಗ ಬಂದ. ಅವನ ಹತ್ತಿರ ಗುದ್ದಿಸಿಕೊಂಡು ಬಂದ ಹೊಸ ಕಾರಿನ ಡೀಸೆಲ್ ಎಂಜಿನ್ ಇತ್ತು, ಟರ್ಬೋ, ಕಾಮನ್ ರೈಲು, ಎಲ್ಲವೂ. "ಇದ ಪೋಡುಂಗ ಸಾರ್, ಫ್ಲೈಟು ಮಾದಿರಿ ಪೋಗುಂ" ಅಂದ. ಭಾವನ ಕಣ್ಣು ಅರಳಿತು. ಮೇಸ್ತ್ರಿ ಮಾತ್ರ ಟೀ ಲೋಟ ಕೆಳಗಿಡದೆ, "ತಮ್ಮಾ, ಇದರ ಕೀ ಎಲ್ಲಿ?" ಅಂದರು. ಕೀ ಇರಲಿಲ್ಲ. "ಇದರ ಡಬ್ಬಿ ಎಲ್ಲಿ?" ಡಬ್ಬಿ ಅಂದರೆ ಇಸಿಯು, ಎಂಜಿನ್ನಿನ ತಲೆ. ಅದು ಬೇರೆ ಯಾರಿಗೋ ಹೋಗಿಯಾಗಿತ್ತು. ಮೇಸ್ತ್ರಿ ನಮ್ಮ ಕಡೆ ತಿರುಗಿದರು. ಈಗಿನ ಎಂಜಿನ್ನು ತನ್ನದೇ ಕೀ ಕಂಡರೆ, ಆ ಕೀಯೊಳಗಿನ ಚಿಪ್ಪು ತನ್ನದೇ ಡಬ್ಬಿಗೆ ಹೌದು ಅಂದರೆ ಮಾತ್ರ ಬಾಯಿ ಬಿಡುತ್ತದೆ. ಪೆಡಲಿನಿಂದ ಒಂದು ವೈರು, ಚಕ್ರದಿಂದ ಒಂದು ವೈರು, ಸೈಲೆನ್ಸರಿನಿಂದ ಒಂದು ವೈರು ಬಂದು, ಎಲ್ಲರೂ ಸರಿಯಿದ್ದೇವೆ ಅಂತ ಹಾಜರಿ ಹೇಳಬೇಕು. ಒಬ್ಬ ಚಕ್ಕರ್ ಹಾಕಿದರೂ ಎಂಜಿನ್ನು ಮುಷ್ಕರ ಹೂಡಿ ನಿಲ್ಲುತ್ತದೆ. "ನಿಮ್ಮ ಗಾಡೀಲಿ ಇರೋದು ಎಷ್ಟು ವೈರು? ಹೆಡ್‌ಲೈಟಿಗೆ ಎರಡು, ಹಾರನ್ನಿಗೆ ಒಂದು."

ಹಾರನ್ನಿನ ಒಂದೂ ಎರಡು ವರ್ಷದಿಂದ ಕಿತ್ತುಹೋಗಿದೆ ಅನ್ನುವುದನ್ನು ನಾನು ಹೇಳಲಿಲ್ಲ.

ಹಾಗಾದರೆ ಯಾವುದು? ಮೇಸ್ತ್ರಿ ಒಳಗೆ ಹೋಗಿ ಗೋಣಿತಾಟು ಸರಿಸಿದರು. ಇಸುಜು 1800. ಜಪಾನಿನ ಇಸುಜು ಕಂಪನಿಯ 1817 ಸಿಸಿ ಪೆಟ್ರೋಲ್ ಎಂಜಿನ್, 75 ಕುದುರೆಶಕ್ತಿ, ಕಾರ್ಬುರೇಟರಿನದು, ಡಬ್ಬಿ ಗಿಬ್ಬಿಯ ರಗಳೆಯಿಲ್ಲ, ಜೊತೆಗೆ 5 ಗೇರಿನ ಬಾಕ್ಸು. ಹಿಂದೂಸ್ತಾನ್ ಮೋಟಾರ್ಸ್‌ನವರೇ 1992ರಲ್ಲಿ ಅಂಬಾಸಿಡರಿಗೆ ಹಾಕಿದ್ದು.

"ಹೊಸಾ ಎಂಜಿನ್ನು" ಅಂದರು ಭಾವ, ಮಗುವಿನ ತಲೆ ನೇವರಿಸುವ ಹಾಗೆ ಟ್ಯಾಪೆಟ್ ಕವರ್ ನೇವರಿಸುತ್ತ.

"1992 ಅಂದ್ರೆ 'ಜೀವನ ಚೈತ್ರ' ಬಂದ ವರ್ಷ ಭಾವ. ಮೂವತ್ಮೂರು ವರ್ಷ ಆಯ್ತು" ಅಂದೆ.

"ಆಗ್ಲಿ ಬಿಡು. 'ಬಂಗಾರದ ಮನುಷ್ಯ'ನಿಗೆ 'ಜೀವನ ಚೈತ್ರ'. ಹೀರೋ ಅವನೇ ತಾನೆ?"

ಇದಕ್ಕೆ ಉತ್ತರ ಇಲ್ಲ. ಅಣ್ಣಾವ್ರು ಮೂರು ವರ್ಷ ಬಿಟ್ಟು ಬಣ್ಣ ಹಚ್ಚಿದ ಚಿತ್ರ ಅದು, ಎಂಜಿನ್ ಬದಲಿಸಿಕೊಂಡು ಬಂದವರ ಹಾಗೇ ಇದ್ದರು.

ಮೇಸ್ತ್ರಿ ಹಳೇ ಕ್ಯಾಲೆಂಡರಿನ ರಟ್ಟು ತೆಗೆದು ಹಿಂದುಗಡೆ ಪೆನ್ಸಿಲಿನಲ್ಲಿ ಬರೆಯತೊಡಗಿದರು. ಎಂಜಿನ್ನು ಕೂರಿಸಲು ಹೊಸ ಮೌಂಟಿಂಗು. ಕೆಳಗಿನ ಆಯಿಲ್ ಸಂಪು ಮುಂದಿನ ಅಡ್ಡ ತೊಲೆಗೆ ತಾಗದ ಹಾಗೆ ನೋಡಬೇಕು. ಗೇರ್‌ಬಾಕ್ಸಿನ ಉದ್ದ ಬೇರೆ, ಆದ್ದರಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟು ಕತ್ತರಿಸಿ ಬೆಸೆದು ಬ್ಯಾಲೆನ್ಸ್ ಮಾಡಿಸಬೇಕು, ಇಲ್ಲದಿದ್ದರೆ ಐವತ್ತರ ವೇಗಕ್ಕೆ ಗಾಡಿಗೆ ಚಳಿಜ್ವರ. ಶಕ್ತಿ ಜಾಸ್ತಿಯಾದರೆ ಶಾಖ ಜಾಸ್ತಿ, ರೇಡಿಯೇಟರು ದೊಡ್ಡದು. ವೇಗ ಜಾಸ್ತಿಯಾದರೆ ನಿಲ್ಲಿಸಬೇಕಲ್ಲ, ಬ್ರೇಕು ಬದಲಿಸಬೇಕು. ಬ್ರೇಕು ಬದಲಿಸಿದರೆ ಮುಂದಿನ ಹಬ್ಬು. ಕ್ಲಚ್ಚು, ಸೈಲೆನ್ಸರ್ ಪೈಪು, ಸ್ಪೀಡೋಮೀಟರ್ ಕೇಬಲ್ಲು ಸರಿಯೇ ಸರಿ. ಕೊನೆಗೆ, ಗೇರ್ ಕಡ್ಡಿ ಸ್ಟೀರಿಂಗಿನಿಂದ ನೆಲಕ್ಕೆ ಬರುತ್ತದೆ, ಮುಂದಿನ ಉದ್ದ ಸೀಟು ತೆಗೆದು ಎರಡು ಬಿಡಿ ಸೀಟು.

ಸನ್ಯಾಸಿಯ ಕೌಪೀನದ ಕತೆ ನಿಮಗೆ ಗೊತ್ತಿದೆಯಲ್ಲ. ಕೌಪೀನ ಕಡಿಯುವ ಇಲಿಗೆ ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸು ಮೇಯಿಸಲು ಆಳು, ಆಳಿಗೆ ಅನ್ನ ಹಾಕಲು ಹೆಂಡತಿ. ಕ್ಯಾಲೆಂಡರ್ ರಟ್ಟು ತುಂಬುವ ಹೊತ್ತಿಗೆ ನಮ್ಮ ಸನ್ಯಾಸಿಗೆ ಮಕ್ಕಳೂ ಆಗಿದ್ದವು. ಭಾವ ಬೇರೆ ಯಾವುದಕ್ಕೂ ಹುಬ್ಬು ಹಾರಿಸಲಿಲ್ಲ, ಉದ್ದ ಸೀಟಿನ ವಿಷಯಕ್ಕೆ ಮಾತ್ರ ಸ್ವಲ್ಪ ಬೆಳ್ಳಗಾದರು. ಆ ಸೀಟಿನ ಮಧ್ಯದ ಜಾಗ ಮದುವೆಯಾದಂದಿನಿಂದ ಅಕ್ಕನದು. ಕಿಟಕಿ ಪಕ್ಕ ಮೊದಲು ಮಾವ ಕೂರುತ್ತಿದ್ದರು, ಈಗ ಅಲ್ಲಿ ತರಕಾರಿ ಚೀಲ ಕೂರುತ್ತದೆ. ಅಕ್ಕ ಇವತ್ತಿಗೂ ಮಧ್ಯದಲ್ಲೇ.

ಇಷ್ಟು ಹೇಳಿದ್ದಕ್ಕೆ ಮೇಸ್ತ್ರಿ ಬೇಡ ಅಂತಾರೆ ಅಂದುಕೊಂಡೆ. ಅವರು ಅಂಗಡಿಯವರು, ಬೇಡ ಅನ್ನುತ್ತಾರೆಯೇ? "ಇದೇನು ಹೊಸ ಹುಚ್ಚಲ್ಲ ಸಾಮಿ. ದೊಡ್ಡ ದೊಡ್ಡ ಕಂಪನಿಯವರೇ ಮಾಡಿದ್ದು" ಅಂದರು. ಆ ಮಾತಿನ ಬಾಲ ಹಿಡಿದು ಇನ್ನೊಂದು ಸುತ್ತು ಟೀ ಆಯಿತು.

ಅವರು ಹೇಳಿದ್ದು ನಿಜವೇ. ನಮ್ಮ ದೇಶದ ಕಾರಿನ ಚರಿತ್ರೆಯ ಅರ್ಧ ಭಾಗ ಇನ್ನೊಬ್ಬರ ಅಂಗಿಯನ್ನು ಮತ್ತೊಬ್ಬರಿಗೆ ತೊಡಿಸಿದ ಕತೆ. ಕಾಂಟೆಸ್ಸಾ ನೆನಪಿದೆಯೇ? 1984ರಲ್ಲಿ ಬಂತು, ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನ ಮೈಕಟ್ಟು, ಪೈಲ್ವಾನನ ನಿಲುವು. ಬಾನೆಟ್ ಎತ್ತಿದರೆ ಒಳಗೆ ನಮ್ಮ ಅಂಬಾಸಿಡರಿನ ಅದೇ 1489 ಸಿಸಿ ಎಂಜಿನ್. ಗರಡಿಮನೆ ಪೈಲ್ವಾನನಿಗೆ ಗುಬ್ಬಿಯ ದನಿ. ಆಮೇಲೆ ಇಸುಜು ಹಾಕಿದ ಮೇಲೆಯೇ ಅದಕ್ಕೆ ಗಂಡಸುದನಿ ಬಂದದ್ದು. 1985ರಲ್ಲಿ ಪ್ರೀಮಿಯರ್‌ನವರು 118 ಎನ್‌ಇ ತಂದರು, ಮೈ ಇಟಲಿಯ ಫಿಯೆಟ್ 124ರದು, ಎದೆ ಜಪಾನಿನ ನಿಸ್ಸಾನಿನದು. ಅದು ಹೇಗೋ ಹೊಂದಿಕೊಂಡು ಸಂಸಾರ ಮಾಡಿತು.

ಇವೆಲ್ಲಕ್ಕೂ ಕಳಶ ಇಟ್ಟದ್ದು ಅದೇ 1985ರಲ್ಲಿ ಮದರಾಸಿನಿಂದ ಬಂದ ಸ್ಟ್ಯಾಂಡರ್ಡ್ 2000. ಇಂಗ್ಲೆಂಡಿನ ರೋವರ್ ಎಸ್‌ಡಿ1 ಕಾರು, 1977ರಲ್ಲಿ ಯುರೋಪಿನ ವರ್ಷದ ಕಾರು ಅನ್ನಿಸಿಕೊಂಡಿದ್ದ ಸುಂದರಾಂಗ. ಅಲ್ಲಿ ಅದಕ್ಕೆ ಮೂರೂವರೆ ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಇತ್ತು. ಇಲ್ಲಿ ಅದನ್ನು ತೆಗೆದು, 1940ರ ದಶಕದ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನ ವಂಶದ 1991 ಸಿಸಿ ಎಂಜಿನ್ನನ್ನು ಕೂರಿಸಿದರು. ಆ ವಂಶ ಎಂಥದು ಅಂದರೆ, ಅದೇ ಕುಲದ ಎಂಜಿನ್ ಫರ್ಗುಸನ್ ಟ್ರ್ಯಾಕ್ಟರಿನಲ್ಲಿ ಗದ್ದೆ ಉಳುತ್ತಿತ್ತು. ಲೋಕವೆಲ್ಲ ಹಳೇ ಗಾಡಿಗೆ ಹೊಸ ಎಂಜಿನ್ ಹಾಕುವ ಯೋಚನೆ ಮಾಡಿದರೆ ನಮ್ಮವರು ಹೊಸ ಗಾಡಿಗೆ ತಾತನ ಎಂಜಿನ್ ಹಾಕಿ ಕೈತೊಳೆದುಕೊಂಡರು. 1988ಕ್ಕೆ ಅದರ ಆಟ ಮುಗಿಯಿತು. ಸೂಟು ಹಾಕಿಕೊಂಡ ವರ ಬಾಯಿ ಬಿಟ್ಟಾಗ 'ಹೋಯ್, ಹೋಯ್' ಅಂತ ಎತ್ತು ಹೊಡೆಯುವ ದನಿ ಬಂದರೆ ಹೆಣ್ಣಿನ ಕಡೆಯವರು ಎದ್ದು ಹೋಗದೆ ಇನ್ನೇನು ಮಾಡಿಯಾರು?

ಕಂಪನಿಯವರೇ ಹೀಗೆ ಮಾಡಿದಾಗ ಜನ ಸುಮ್ಮನಿರುತ್ತಾರೆಯೇ? ಪೆಟ್ರೋಲ್ ಬೆಲೆ ಏರಿದ ಕಾಲದಲ್ಲಿ ಅಂಬಾಸಿಡರಿಗೆ ಟೆಂಪೋ ಮ್ಯಾಟಡೋರಿನ ಡೀಸೆಲ್ ಎಂಜಿನ್ ಹಾಕಿಸಿ, ಅದರ ಮೂಲ ಜರ್ಮನಿಯ ಮರ್ಸಿಡಿಸ್ ಅನ್ನುವ ಒಂದೇ ಎಳೆ ಹಿಡಿದು, "ಒಳಗಡೆ ಬೆಂಜು" ಅಂತ ಹೇಳಿಕೊಂಡು ತಿರುಗಿದವರನ್ನು ನಾನೇ ನೋಡಿದ್ದೇನೆ. ಒಳಗೆ ಬೆಂಜು ಹೌದು, ಒಳಗೆ ಕೂತವರಿಗೆ ಮಾತ್ರ ರಾಗಿಮಿಷನ್ನು. ಮಲೆನಾಡಿನ ತೋಟದ ಜೀಪುಗಳ ವಿಷಯ ಎತ್ತಲೇಬಾರದು. ಎಷ್ಟೋ ಜೀಪಿನಲ್ಲಿ ಜೀಪಿನದು ಅಂತ ಉಳಿದಿರುವುದು ಮುಂದಿನ ಜಾಲರಿ ಮತ್ತು ಧಣಿಗಳ ಹೆಮ್ಮೆ, ಎರಡೇ.

ಈ ಕೊಯಮತ್ತೂರಿನ ನೀರಿನಲ್ಲೇ ಬಿಚ್ಚಿ ಜೋಡಿಸುವ ಚಟ ಇದೆ ಅಂತ ಕಾಣುತ್ತದೆ. ಜಿ.ಡಿ. ನಾಯ್ಡು (1893–1974) ಹುಡುಗನಾಗಿದ್ದಾಗ ಒಬ್ಬ ಬ್ರಿಟಿಷ್ ಅಧಿಕಾರಿಯ ರಡ್ಜ್ ಮೋಟಾರ್ ಸೈಕಲ್ಲು ಕಂಡು ಮರುಳಾಗಿ, ಹೋಟೆಲಿನಲ್ಲಿ ಸರ್ವರ್ ಕೆಲಸ ಮಾಡಿ ದುಡ್ಡು ಕೂಡಿಸಿ, ಆ ಗಾಡಿಯನ್ನೇ ಕೊಂಡು, ಮನೆಗೆ ತಂದು ಮೊದಲು ಮಾಡಿದ ಕೆಲಸ ಅದನ್ನು ಪೂರ್ತಿ ಬಿಚ್ಚಿದ್ದು. ಸವಾರಿ ಆಮೇಲೆ. 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಒಂದು ಬಸ್ಸು ಬಿಟ್ಟು ಶುರುಮಾಡಿ ದೊಡ್ಡ ಸಾರಿಗೆ ಸಂಸ್ಥೆ ಕಟ್ಟಿದರು. ಅವಿನಾಶಿ ರಸ್ತೆಯಲ್ಲಿ ಅವರ ಹೆಸರಿನ ಟ್ರಸ್ಟಿನ ಕಾರು ಮ್ಯೂಸಿಯಂ ಇದೆ. ಭಾವನನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಆಸೆ ನನಗಿತ್ತು, ಅಲ್ಲಿನ ಗಾಡಿಗಳನ್ನು ಮುಟ್ಟುವಂತಿಲ್ಲ ಎಂದ ಕೂಡಲೇ ಅವರಿಗೆ ಆಸಕ್ತಿ ಹೋಯಿತು. ಇನ್ನೊಬ್ಬರು ಲಕ್ಷ್ಮೀ ಮಿಲ್ಸ್ ಮನೆತನದ ಎಸ್. ಕರಿವರ್ಧನ್. ಅವರು 1980ರ ದಶಕದ ಕೊನೆಯಲ್ಲಿ ಮಾಡಿದ್ದು ಇನ್ನೂ ಮಜಾ. ಸೊಪ್ಪು ತರಕಾರಿ ತರುವ ಮಾರುತಿ 800ರ ಪುಟ್ಟ ಎಂಜಿನ್ನನ್ನು ತೆಗೆದು, ಒಬ್ಬನೇ ಕೂರುವ ರೇಸ್ ಕಾರಿನಲ್ಲಿ ಚಾಲಕನ ಬೆನ್ನ ಹಿಂದೆ ಕೂರಿಸಿದರು. ಅದೇ ಫಾರ್ಮುಲಾ ಮಾರುತಿ. ನಮ್ಮ ದೇಶದ ಎಷ್ಟೋ ಹುಡುಗರು ರೇಸ್ ಕಲಿತದ್ದು ಈ ಎಂಜಿನ್ನಿನ ಭುಜ ಹಿಡಿದು. ಅವರು 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಇಲ್ಲೇ ಆಚೆ ಚೆಟ್ಟಿಪಾಳ್ಯಂನಲ್ಲಿರುವ ರೇಸ್ ಟ್ರ್ಯಾಕಿಗೆ ಅವರದೇ ಹೆಸರು.

ಈ ಕೊನೆಯ ಕತೆ ಹೇಳಿದ್ದು ನನ್ನ ತಪ್ಪು. ಭಾವ ಎದ್ದು ನಿಂತು ಚೀಲಕ್ಕೆ ಕೈಹಾಕಿದರು. ಎಂಜಿನ್ನಿಗೆ ಎಷ್ಟು ಕೊಟ್ಟರು ಅನ್ನುವುದನ್ನು ನಾನು ಬರೆಯುವುದಿಲ್ಲ, ಅಕ್ಕ ಇದನ್ನು ಓದುತ್ತಾಳೆ. ಬಿಲ್ಲು, ಎಂಜಿನ್ ನಂಬರಿನ ಕಾಗದ ಎಲ್ಲ ಸರಿಯಾಗಿ ಕೊಟ್ಟರು ಅಂತ ಮಾತ್ರ ಹೇಳಬಲ್ಲೆ. ಕೂರಿಸುವ ಕೆಲಸ ಊರಿನಲ್ಲೇ ಮಾಡಿಸುತ್ತೇನೆ ಅಂದರು ಭಾವ. ಮೇಸ್ತ್ರಿ ಬರೆದ ರಟ್ಟನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಈಗ ಎಂಜಿನ್ ಊರಿಗೆ ಹೋಗಬೇಕಲ್ಲ. ಟೆಂಪೋ ಬಾಡಿಗೆ ಕೇಳಿ ಭಾವ ನಕ್ಕರು. ಅಂಬಾಸಿಡರಿನ ಡಿಕ್ಕಿ ನೀವು ನೋಡಿದ್ದೀರಿ, ಅದರಲ್ಲಿ ಒಂದು ಮದುವೆ ಮನೆಯ ಪಾತ್ರೆ ಹಿಡಿಸುತ್ತದೆ. ನಾಲ್ಕು ಜನ ಬಿದಿರು ಬೊಂಬಿಗೆ ಸರಪಣಿ ಹಾಕಿ, "ಮೆದುವಾ, ಮೆದುವಾ" ಅಂತ ಹೇಳಿಕೊಳ್ಳುತ್ತ ಎಂಜಿನ್ನನ್ನು ಡಿಕ್ಕಿಗಿಳಿಸಿದರು. ಗಾಡಿಯ ಹಿಂದಿನ ಪಟ್ಟೆಗಳು ಒಮ್ಮೆ 'ಅಮ್ಮಾ' ಅಂದವು. ಗೇರ್‌ಬಾಕ್ಸು ಗೋಣಿಚೀಲದಲ್ಲಿ ಸುತ್ತಿಸಿಕೊಂಡು ಹಿಂದಿನ ಸೀಟಿನಲ್ಲಿ ಅತ್ತೆಯಂತೆ ಕೂತಿತು. ಡಿಕ್ಕಿ ಮುಚ್ಚಳ ಪೂರ್ತಿ ಮುಚ್ಚಲಿಲ್ಲ, ಹಗ್ಗ ಕಟ್ಟಿದೆವು. ಹಿಂದೆ ತಗ್ಗಿ, ಮುಂದೆ ಮೂತಿ ಎತ್ತಿಕೊಂಡು, ನಕ್ಷತ್ರ ನೋಡುವ ಜೋಯಿಸರ ಹಾಗೆ ಗಾಡಿ ಉಕ್ಕಡಂ ಬಿಟ್ಟಿತು.

ಬಣ್ಣಾರಿ ಚೆಕ್‌ಪೋಸ್ಟಿಗೆ ಬಂದಾಗ ಸಂಜೆ ಐದು. ಕಾಡುಪ್ರಾಣಿಗಳಿಗೋಸ್ಕರ 2022ರಿಂದ ಈ ಘಾಟಿಯಲ್ಲಿ ರಾತ್ರಿ ಸಂಚಾರ ಬಂದ್. ಅಷ್ಟರೊಳಗೆ ದಾಟಬೇಕು. ಕಾವಲಿನವನು ಹಗ್ಗ ಕಂಡು ಬಂದ.

"ಡಿಕ್ಕಿಯಲ್ಲಿ ಏನು?"

"ಎಂಜಿನ್."

ಅವನು ಒಂದು ಕ್ಷಣ ಯೋಚಿಸಿದ. "ಎಂಜಿನ್ ಮುಂದೆ ತಾನೆ ಇರುತ್ತೆ?"

"ಅದೂ ಇದೆ" ಅಂದರು ಭಾವ.

ಅವನು ಬಾನೆಟ್ಟಿನ ಕಡೆ ನೋಡಿದ, ಡಿಕ್ಕಿಯ ಕಡೆ ನೋಡಿದ, ಕೊನೆಗೆ ನನ್ನ ಕಡೆ ಕನಿಕರದಿಂದ ನೋಡಿ ಕೈಬೀಸಿ ಬಿಟ್ಟ.

ಇನ್ನು ಹತ್ತಬೇಕಾದದ್ದು 27 ತಿರುವು. ಸ್ವಲ್ಪ ಯೋಚನೆ ಮಾಡಿ ನೋಡಿ. ನಿನ್ನ ಕೈಲಾಗುವುದಿಲ್ಲ, ನಿನ್ನನ್ನು ತೆಗೆದುಹಾಕುತ್ತೇನೆ ಅಂತ ಹೇಳಿ, ತೆಗೆದ ಜಾಗಕ್ಕೆ ಬರುವ ಸವತಿಯನ್ನು ಅದರ ಬೆನ್ನಿಗೇ ಕಟ್ಟಿ ಬೆಟ್ಟ ಹತ್ತಿಸಿದರೆ ಯಾವ ಎಂಜಿನ್ನಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಫಸ್ಟ್ ಗೇರ್, ಸೆಕೆಂಡ್ ಗೇರ್, ಮತ್ತೆ ಫಸ್ಟ್ ಗೇರ್. ಹಿಂದೆ ಲಾರಿಗಳ ಮೆರವಣಿಗೆ. ನಾನು ಎಣಿಸುತ್ತಿದ್ದೆ, ಹತ್ತೊಂಬತ್ತನೇ ತಿರುವಿನಲ್ಲಿ ಗಾಡಿ ಎರಡು ಸಲ ಬಿಕ್ಕಿ ನಿಂತಿತು. ಬಾನೆಟ್ ಎತ್ತಿದರೆ ಇಡ್ಲಿ ಪಾತ್ರೆ ತೆಗೆದ ಹಾಗೆ ಆವಿ.

ಭಾವನ ಮುಖದಲ್ಲಿ ಆತಂಕದ ಬದಲು ಒಂದು ಥರಾ ಸಡಗರ ಕಂಡದ್ದು ಆಗಲೇ. ಇದು ಅವರಿಗೆ ಗೊತ್ತಿರುವ ಕೆಲಸ. ಹಿಂದಿನ ಎರಡು ಚಕ್ರಕ್ಕೂ ಕಲ್ಲು ಕೊಟ್ಟರು. ರೇಡಿಯೇಟರ್ ಮುಚ್ಚಳಕ್ಕೆ ತಕ್ಷಣ ಕೈಹಾಕಲಿಲ್ಲ, ಹದಿನೈದು ನಿಮಿಷ ಬಿಟ್ಟು, ಒದ್ದೆ ಗೋಣಿತಾಟು ಮುಚ್ಚಿ ಅರ್ಧ ಸುತ್ತು ತಿರುಗಿಸಿ, ಉಸ್ಸೆನ್ನುವುದು ನಿಂತ ಮೇಲೆ ಇನ್ನರ್ಧ ತಿರುಗಿಸಿದರು. ನೀರನ್ನು ಒಂದೇ ಸಲ ಸುರಿಯದೆ ಬಾಣಂತಿಗೆ ಕುಡಿಸುವ ಹಾಗೆ ಗುಟುಕು ಗುಟುಕಾಗಿ ಬಿಟ್ಟರು. ಹೆಗಲ ಮೇಲಿನ ಟವೆಲು ನೆನೆಸಿ ಪೆಟ್ರೋಲ್ ಪಂಪಿಗೆ ಸುತ್ತಿದರು, ಬಿಸಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಗಾಳಿ ಕಟ್ಟಿಕೊಂಡಿರುತ್ತದೆ, ತಂಪು ತಗುಲಿದರೆ ಇಳಿಯುತ್ತದೆ. ಆಮೇಲೆ ಹ್ಯಾಂಡಲ್ ತೆಗೆದು ಬಂಪರಿನ ತೂತಿನೊಳಗೆ ತೂರಿಸಿ, ಹೆಬ್ಬೆರಳನ್ನು ಮಿಕ್ಕ ಬೆರಳುಗಳ ಪಕ್ಕಕ್ಕೇ ಮಡಿಸಿ ಹಿಡಿದುಕೊಂಡರು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯಬಾರದು ಅಂತ. ಇದು ಯಾರು ಹೇಳಿಕೊಟ್ಟದ್ದು ಅಂದೆ. "ಅಪ್ಪ. ಇದೇ ಘಾಟಿಯಲ್ಲಿ" ಅಂದರು.

ಎರಡನೇ ಸುತ್ತಿಗೆ ಎಂಜಿನ್ ಹತ್ತಿತು. ತಡೆಗೋಡೆ ಮೇಲೆ ಕೂತಿದ್ದ ಕೋತಿಗಳ ಸಂಸಾರ ಚದುರಿತು. ಮಿಕ್ಕ ಎಂಟು ತಿರುವನ್ನು ಹಳೇ ಎಂಜಿನ್ನು ಹೊಸದನ್ನು ಹೊತ್ತು ಒಂದೇ ಉಸಿರಿಗೆ ಹತ್ತಿತು. ಸುಳ್ಳು ಹೇಳಬಾರದು, ಎರಡು ಉಸಿರು.

ಮನೆ ಮುಟ್ಟಿದಾಗ ಅಕ್ಕ ಟಾರ್ಚು ಹಿಡಿದು ಬಂದು ಡಿಕ್ಕಿಯೊಳಗೆ ಬೆಳಕು ಬಿಟ್ಟಳು. "ಊರೋರೆಲ್ಲ ಸ್ಟೆಪ್ನಿ ಚಕ್ರ ಇಟ್ಕೊಳ್ತಾರೆ. ನಮ್ಮನೇವ್ರು ಸ್ಟೆಪ್ನಿ ಎಂಜಿನ್ ಇಟ್ಕೊಂಡವ್ರೆ" ಅಂದು ಒಳಗೆ ಹೋದಳು. ಉದ್ದ ಸೀಟಿನ ವಿಷಯ ಅಂದು ರಾತ್ರಿ ಯಾರೂ ಎತ್ತಲಿಲ್ಲ.

ಎತ್ತಿದ್ದು ಕಾನೂನು. ಮಾರನೇ ವಾರ ಪರಿಚಯದ ವಕೀಲರೊಬ್ಬರು ಮನೆಗೆ ಬಂದವರು ಜಗಲಿಯ ಮೇಲಿದ್ದ ಎಂಜಿನ್ ನೋಡಿ, ಕಾಫಿ ಮುಗಿಯುವುದರೊಳಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡಿಸಿಟ್ಟರು. ಕಂಪನಿಯವರು ಮೊದಲು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವುದಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ತಿದ್ದುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿದೆ. ಏನು ಮಾಡುವುದಿದ್ದರೂ ಮೊದಲು ಆರ್‌ಟಿಒ ಬಾಗಿಲು ತಟ್ಟಬೇಕು. ಭಾವ ಟಿಪ್ಪಣಿಯ ಭಾಷೆಯಲ್ಲಿ ಒಂದೆರಡು 'ಆದಾಗ್ಯೂ' ಎಸೆದು ನೋಡಿದರು. ವಕೀಲರು ಅದಕ್ಕೂ ಮೇಲಿನದನ್ನು ತೆಗೆದರು. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಮಾಡಿಸಬಹುದು, 'ವಿಎ' ಅನ್ನುವ ಅಕ್ಷರ ಇರುವ ಬೇರೆಯೇ ನಂಬರ್ ಪ್ಲೇಟು ಸಿಗುತ್ತದೆ. ಈ ಗಾಡಿಗೆ ಆ ಯೋಗ್ಯತೆ ಇದೆ. ಆದರೆ ಚಾಸಿ, ಬಾಡಿ, ಎಂಜಿನ್ನು ಮೂಲದ್ದೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು.

"ಅಂದ್ರೆ, ಅಪ್ಪನ ಎಂಜಿನ್ ಇದ್ರೆ ವಿಂಟೇಜು" ಅಂದರು ಭಾವ.

"ಇದ್ರೆ ವಿಂಟೇಜು. ಆದ್ರೆ ದಿನಾ ಓಡಿಸೋ ಹಾಗಿಲ್ಲ" ಅಂದರು ವಕೀಲರು. ಪ್ರದರ್ಶನ, ಮೆರವಣಿಗೆ, ಪೆಟ್ರೋಲು ತುಂಬಿಸುವುದು, ರಿಪೇರಿ, ಇಂಥದಕ್ಕೆ ಮಾತ್ರ.

ಭಾವ ತುಂಬಾ ಹೊತ್ತು ಮಾತಾಡಲಿಲ್ಲ. ಹಳೇ ಎಂಜಿನ್ ಹಾಗೇ ಇಟ್ಟರೆ ಗೌರವ, ಓಡಿಸಬಾರದು. ಓಡಿಸಬೇಕು ಅಂದರೆ ಬದಲಾಯಿಸುವ ಮನಸ್ಸು, ಬದಲಾಯಿಸಿದರೆ ಗೌರವ ಇಲ್ಲ. ಸರ್ಕಾರಿ ನೌಕರಿಯಿಂದ ಗೌರವಯುತವಾಗಿ ನಿವೃತ್ತರಾದವರಿಗೆ ಈ ನಿಯಮ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. "ವಿಎ ಬೇಡ" ಅಂದರು ಕೊನೆಗೆ. "ನನ್ನ 'ಎಂವೈ' ಹಂಗೇ ಇರ್ಲಿ."

ಹಾಗಾಗಿ ಇಸುಜು ಜಗಲಿಯ ಮೇಲೆಯೇ ಉಳಿಯಿತು. ಮೊದಲು ಅದರ ಮೇಲೆ ಟಾರ್ಪಾಲು ಹೊದಿಸಿದ್ದರು. ಜೂನಿನಲ್ಲಿ ಟಾರ್ಪಾಲು ಬೇರೆ ಕೆಲಸಕ್ಕೆ ಹೋಯಿತು. ಈಗ ಅದರ ಮೇಲೊಂದು ಹಲಗೆ, ಹಲಗೆಯ ಮೇಲೆ ಅಕ್ಕನ ದೊಡ್ಡಪತ್ರೆ ಕುಂಡ. ಭಾವ ತಿಂಗಳಿಗೊಮ್ಮೆ ಕುಂಡ ಇಳಿಸಿ, ಸ್ಪಾರ್ಕ್ ಪ್ಲಗ್ಗಿನ ತೂತಿನೊಳಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಪುಲ್ಲಿಗೆ ಸ್ಪ್ಯಾನರ್ ಹಾಕಿ ಎರಡು ಸುತ್ತು ತಿರುಗಿಸುತ್ತಾರೆ. ಜಾಮ್ ಆಗಬಾರದಂತೆ. ಹಳೇದು ಮಾತ್ರ ನೀಲಿ ಹೊಗೆ ಬಿಡುತ್ತ ಸಂತೆಗೂ ಬೆಟ್ಟಕ್ಕೂ ಹೋಗಿಬರುತ್ತದೆ, ಅಕ್ಕ ಮಧ್ಯದಲ್ಲಿ, ತರಕಾರಿ ಚೀಲ ಕಿಟಕಿಯ ಪಕ್ಕ.

ಆಯುಧಪೂಜೆಗೆ ನಾನು ಹೋಗಿದ್ದೆ. ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆಯಲು ಸಿದ್ಧ ಮಾಡಿದ್ದರು. ಚಕ್ರಕ್ಕೆ ಇಡಲು ನಾಲ್ಕು ನಿಂಬೆಹಣ್ಣು ತಾ ಅಂದರೆ ಅಕ್ಕ ತಟ್ಟೆಯಲ್ಲಿ ಐದು ತಂದಳು.

"ಇನ್ನೊಂದು ಯಾಕಕ್ಕ? ಸ್ಟೆಪ್ನಿಗಾ?"

ಅಕ್ಕ ಜಗಲಿ ಹತ್ತಿ, ದೊಡ್ಡಪತ್ರೆ ಕುಂಡ ಪಕ್ಕಕ್ಕೆ ಸರಿಸಿ, ಇಸುಜುಗೆ ಅರಿಶಿನ ಕುಂಕುಮ ಇಟ್ಟು, ಐದನೆಯದನ್ನು ಅದರ ಬುಡಕ್ಕೆ ಇಟ್ಟಳು.

"ಚಕ್ರ ಇಲ್ಲದ್ದು, ಎಲ್ಲಿಗೂ ಹೋಗಲ್ಲವಲ್ಲ ಅದು?" ಅಂದೆ.

"ಹೋಗದೇ ಇರ್ಲಿ ಅಂತ್ಲೇ ಇಟ್ಟಿರೋದು" ಅಂದಳು. "ನಿಮ್ಮ ಭಾವ ಆಗ್ಲೇ ಆ ಮೇಸ್ತ್ರಿಗೆ ಫೋನ್ ಮಾಡಿ, ನನ್ನ ಸೀಟು ಕೀಳದೇ ಕೂರ್ಸೋಕೆ ಆಗ್ತದಾ ಅಂತ ಕೇಳ್ತಿದ್ರು."